ಏರಿಯ ಮೇಲಿನ ಸರದಿ: ನಮ್ಮ ಸೀಮೆಯ ಕೆರೆಗಳನ್ನು ಕಾಯ್ದವರ ಚರಿತ್ರೆ

ಮನೆಯಲ್ಲಿ ಕನ್ನಡವನ್ನೂ ಬೀದಿಯಲ್ಲಿ ಮತ್ತು ಶಾಲೆಯಲ್ಲಿ ತಮಿಳನ್ನೂ ಆಡಿ ಬೆಳೆದ ನಮ್ಮಂಥವರಿಗೆ ಕೆಲವು ಶಬ್ದಗಳು ಬಾಲ್ಯದಿಂದಲೇ ಚೇಷ್ಟೆ ಮಾಡುತ್ತ ಬಂದಿವೆ. ಅವುಗಳಲ್ಲಿ ‘ಏರಿ’ ಎಂಬುದು ಒಂದು. ಕನ್ನಡದಲ್ಲಿ ಏರಿ ಎಂದರೆ ಕೆರೆಯ ನೀರನ್ನು ತಡೆದು ನಿಲ್ಲಿಸುವ ಮಣ್ಣಿನ ಕಟ್ಟೆ. ತಮಿಳಿನಲ್ಲಿ ಏರಿ ಎಂದರೆ ಕೆರೆಯೇ. ಅಜ್ಜಿ ‘ಏರಿಯ ಮೇಲೆ ಆಡಿಕೋ, ಕೆಳಗೆ ಇಳಿಯಬೇಡ’ ಎಂದು ಎಚ್ಚರಿಸಿ ಕಳುಹಿಸಿದರೆ, ಪಕ್ಕದ ಮನೆಯ ಗೆಳೆಯ ‘ಏರಿಗೆ ಹೋಗೋಣ ಬಾ’ ಎಂದು ಈಜಲು ಕರೆಯುತ್ತಿದ್ದ. ಒಂದೇ ಮಾತಿನಲ್ಲಿ ಅನುಮತಿಯೂ ನಿಷೇಧವೂ ಇದ್ದುದರಿಂದ ನಾವು ನಮಗೆ ಅನುಕೂಲವಾದ ಅರ್ಥವನ್ನೇ ಹಿಡಿಯುತ್ತಿದ್ದೆವು. ಮುಂದೆ ಉಪಾಧ್ಯಾಯ ವೃತ್ತಿಗೆ ಬಂದು ಮಕ್ಕಳಿಗೆ ಚರಿತ್ರೆ ಹೇಳತೊಡಗಿದ ಮೇಲೆ, ಈ ಎರಡು ಭಾಷೆಗಳೂ ಸೇರಿ ಒಂದೇ ಸಂಗತಿಯನ್ನು ಹೇಳುತ್ತಿವೆಯೆಂದು ಹೊಳೆಯಿತು. ಏರಿಯಿಲ್ಲದೆ ಕೆರೆಯಿಲ್ಲ. ಹೊಳೆ ತಾನಾಗಿ ಹರಿದು ಬಂದದ್ದು. ಕೆರೆ ಮನುಷ್ಯನು ಮಾಡಿಕೊಂಡದ್ದು. ಮಾಡಿಕೊಂಡದ್ದನ್ನು ಯಾರಾದರೂ ಕಾಯಬೇಕು. ಯಾರು ಕಾಯ್ದರು, ಯಾವಾಗ ಬಿಟ್ಟರು, ಮತ್ತೆ ಯಾರು ಕೈಹಾಕಿದರು ಎಂಬುದೇ ಈ ಲೇಖನದ ವಿಷಯ.

ನಮ್ಮ ಪಾಪಿರೆಡ್ಡಿಪಟ್ಟಿಯ ನೆಲೆಯನ್ನು ದೂರದ ಊರುಗಳಿಂದ ಸಮ್ಮೇಳನಕ್ಕೆ ಬಂದಿರುವ ಬಂಧುಗಳಿಗಾಗಿ ಎರಡು ಮಾತಿನಲ್ಲಿ ತಿಳಿಸಬೇಕು. ಸೇಲಂ ನಗರದಿಂದ ಅರೂರಿನ ಕಡೆಗೆ ಬರುವ ದಾರಿ ಮಂಜವಾಡಿ ಕಣಿವೆಯನ್ನು ದಾಟಿ ನಮ್ಮ ತಾಲೂಕಿಗೆ ಇಳಿಯುತ್ತದೆ. ಹತ್ತಿರದಲ್ಲೇ ಶೇರ್ವರಾಯನ್ ಬೆಟ್ಟ, ಅಂದರೆ ಏರ್ಕಾಡು. ಅಲ್ಲಿ ಹುಟ್ಟುವ ವಾಣಿಯಾರು ನಮ್ಮ ಕಡೆಗೆ ಹರಿದು, ಅಣೆಕಟ್ಟಿನಲ್ಲಿ ನಿಂತು, ಮುಂದೆ ತೆನ್‌ಪೆಣ್ಣೈಯನ್ನು ಸೇರುತ್ತದೆ. ಈ ತೆನ್‌ಪೆಣ್ಣೈಯೇ ಕನ್ನಡಿಗರ ದಕ್ಷಿಣ ಪಿನಾಕಿನಿ; ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟಿ ಹೊಸೂರಿನ ಮೇಲೆ ಇಳಿದು ಬರುವವಳು. ಬೆಂಗಳೂರಿನ ಕೊಳೆಯನ್ನು ಹೊತ್ತು ತಂದು ಹೊಸೂರಿನ ಕೆಲವರಪಳ್ಳಿ ಜಲಾಶಯದಲ್ಲಿ ನೊರೆಯಾಗಿ ಉಕ್ಕುವವಳೂ ಅವಳೇ. ತವರಿನಿಂದ ಬರುವ ಮಗಳು ಬುತ್ತಿ ತರುತ್ತಾಳೆ ಎನ್ನುವುದು ಹಳೆಯ ವಾಡಿಕೆ; ಈ ಮಗಳ ಬುತ್ತಿಯನ್ನು ಬಿಚ್ಚಿ ನೋಡುವುದೇ ಬೇಡ. ಬೆಟ್ಟದ ಇನ್ನೊಂದು ಮಗ್ಗುಲಿನಿಂದ ತಿರುಮಣಿಮುತ್ತಾರು ಇಳಿದು ಸೇಲಂ ನಗರದ ನಡುವೆ ಹಾದು ಕಾವೇರಿಯತ್ತ ಹೋಗುತ್ತದೆ. ಹೀಗೆ ಸೇಲಮ್ಮೂ ನಾವೂ ಒಂದೇ ಬೆಟ್ಟದ ನೀರನ್ನು ಎರಡು ಕಡೆಯಿಂದ ಕುಡಿಯುವವರು. 1820ರ ದಶಕದಲ್ಲಿ ಸೇಲಂ ಕಲೆಕ್ಟರರಾಗಿದ್ದ ಕಾಕ್‌ಬರ್ನ್ ಎಂಬವರು ಆ ಬೆಟ್ಟದ ಮೇಲೆ ಕಾಫಿ ಗಿಡವನ್ನು ತಂದು ನೆಟ್ಟಂದಿನಿಂದ ಅಲ್ಲಿಯ ಕಾಡಿನ ಚರಿತ್ರೆ ಬೇರೆಯಾಯಿತು. ಅದನ್ನು ಹೇಳತೊಡಗಿದರೆ ಇನ್ನೊಂದು ಲೇಖನವಾದೀತು.

ಮಳೆಯನ್ನೇ ನಂಬಿದ ಸೀಮೆ ನಮ್ಮದು. ಹಿರಿಯರು ಕೆರೆಗಳನ್ನು ಸರಮಾಲೆಯಾಗಿ ಕಟ್ಟಿದ್ದು ಇದೇ ಕಾರಣದಿಂದ: ಮೇಲಿನದು ತುಂಬಿ ಕೋಡಿ ಹರಿದರೆ ಆ ನೀರು ಕೆಳಗಿನ ಕೆರೆಗೆ, ಅದು ತುಂಬಿದರೆ ಇನ್ನೂ ಕೆಳಗಿನದಕ್ಕೆ. ಸರದ ಒಂದು ಮಣಿ ಒಡೆದರೂ ಕೆಳಗಿನವರಿಗೆಲ್ಲ ಬಾಯಾರಿಕೆ.

ಈ ಬಾಯಾರಿಕೆಯ ಪರಿಣಾಮವನ್ನು ನಾವು ಪುಸ್ತಕದಲ್ಲಿ ಓದಿ ತಿಳಿದವರಲ್ಲ, ಮಕ್ಕಳ ಬಾಯಲ್ಲಿ ಕಂಡವರು. ಧರ್ಮಪುರಿ ಜಿಲ್ಲೆಯಲ್ಲಿ ಪಾಠ ಹೇಳಿದ ಯಾವ ಉಪಾಧ್ಯಾಯರನ್ನು ಕೇಳಿದರೂ ಹೇಳಿಯಾರು: ಪದ್ಯ ಒಪ್ಪಿಸಲು ಎದ್ದು ನಿಂತ ಮಗು ಬಾಯಿ ತೆರೆದಾಗ ಹಲ್ಲಿನ ಮೇಲೆ ಕಂದು ಗೆರೆಗಳು. ಮೊದಮೊದಲು ನಾವು ‘ಹಲ್ಲು ಉಜ್ಜುವುದಿಲ್ಲವೇನೋ’ ಎಂದು ಗದರಿಸಿದ್ದೂ ಉಂಟು. ಆ ಮಾತಿಗಾಗಿ ಇಂದಿಗೂ ನಾಚುತ್ತೇವೆ. ಅದು ಕೊಳೆಯಲ್ಲ, ಕುಡಿಯುವ ನೀರಿನ ಫ್ಲೋರೈಡು ಹಲ್ಲಿನೊಳಗೇ ಬರೆದ ಬರಹ. ಭಾರತದಲ್ಲಿ ಈ ಕಾಯಿಲೆಯನ್ನು ಮೊದಲು ಗುರುತಿಸಿದ್ದು 1937ರಲ್ಲಿ, ಅಂದಿನ ಮದ್ರಾಸು ಪ್ರಾಂತದ ನೆಲ್ಲೂರು ಜಿಲ್ಲೆಯಲ್ಲಿ. ಲೀಟರು ನೀರಿನಲ್ಲಿ ಒಂದೂವರೆ ಮಿಲಿಗ್ರಾಮಿಗಿಂತ ಹೆಚ್ಚು ಫ್ಲೋರೈಡು ಇದ್ದರೆ ಹಲ್ಲು ಕೆಡುತ್ತದೆ. ಇನ್ನೂ ಹೆಚ್ಚಾಗಿ ವರ್ಷಗಟ್ಟಲೆ ಕುಡಿದರೆ ಮೂಳೆ ಬಾಗುತ್ತದೆ. ಕರ್ನಾಟಕದ ಪಾವಗಡ, ಬಾಗೇಪಲ್ಲಿಗಳ ಜನರಿಗೂ ಇದು ಹೊಸದಲ್ಲ. ಕಾರಣ ಸರಳವಾಗಿದೆ. ಕೆರೆ ತುಂಬಿದ್ದಾಗ ಬಾವಿಯ ನೀರು ಮೇಲೆ ಇರುತ್ತದೆ. ಅದು ಹೊಸ ಮಳೆಯ ನೀರು. ಕೆರೆ ಬತ್ತಿದರೆ ಬಾವಿ ಬತ್ತುತ್ತದೆ, ಕೊಳವೆಬಾವಿ ಆಳಕ್ಕೆ ಹೋಗುತ್ತದೆ, ಕಲ್ಲಿನ ಬಿರುಕುಗಳಲ್ಲಿ ಬಹುಕಾಲ ನಿಂತು ಕಲ್ಲಿನ ಖನಿಜವನ್ನು ಕರಗಿಸಿಕೊಂಡ ಹಳೆಯ ನೀರು ಕೊಡಕ್ಕೆ ಬರುತ್ತದೆ. ಜಪಾನಿನ ಸಾಲದ ನೆರವಿನಿಂದ ಆದ ಹೊಗೇನಕಲ್ ಕುಡಿಯುವ ನೀರಿನ ಯೋಜನೆ ಹುಟ್ಟಿದ್ದು ಈ ಕಾಯಿಲೆಯಿಂದಲೇ. 2008ರಲ್ಲಿ ಅದಕ್ಕಾಗಿ ಎರಡು ರಾಜ್ಯಗಳ ನಡುವೆ ವಾದವೆದ್ದಾಗ ನಮ್ಮಂಥ ಗಡಿ ಕನ್ನಡಿಗರು ಅನುಭವಿಸಿದ ಇಕ್ಕಟ್ಟು ನಮಗೇ ಗೊತ್ತು. 2013ರಿಂದ ಆ ನೀರು ಬರುತ್ತಿದೆ, ಉಪಕಾರವಾಗಿದೆ. ಆದರೆ ದೂರದಿಂದ ಕೊಳವೆಯಲ್ಲಿ ಬರುವ ನೀರು ಊರಿನ ಬಾವಿಯನ್ನು ತುಂಬಿಸುವುದಿಲ್ಲ.

ಇನ್ನು ಚರಿತ್ರೆಗೆ ಬರೋಣ. ನಮ್ಮ ಧರ್ಮಪುರಿ ಹಿಂದಿನ ತಗಡೂರು. ಅದಿಯಮಾನರ ಊರೆಂದು ತಮಿಳರು ಹೆಮ್ಮೆಪಡುವಂತೆ, ಒಂಬತ್ತನೆಯ ಶತಮಾನದ ಕೊನೆಗೆ ನೊಳಂಬರ ಆಳ್ವಿಕೆಯಲ್ಲಿ ಇಲ್ಲಿಯ ಬಸದಿಯೊಂದಕ್ಕೆ ಕೊಟ್ಟ ದಾನವನ್ನು ಕನ್ನಡದಲ್ಲಿ ಕಲ್ಲಿಗೆ ಬರೆಸಿದ್ದಾರೆಂದು ನಾವೂ ಹೆಮ್ಮೆಪಡಬಹುದು. ಆದರೆ ಹೆಮ್ಮೆಗಿಂತ ಮಿಗಿಲಾಗಿ ಕನ್ನಡ ಶಾಸನಗಳಿಂದ ನಾವು ಎತ್ತಿಕೊಳ್ಳಬೇಕಾದ ಕೆಲವು ಶಬ್ದಗಳಿವೆ. ‘ಬಿತ್ತುವಟ್ಟ’ ಎಂದರೆ ಕೆರೆಯ ನಿರ್ವಹಣೆಗೆಂದು ಬಿಟ್ಟ ಭೂಮಿ. ‘ಕಟ್ಟುಗೊಡಗೆ’ ಎಂಬುದೂ ಅದೇ ಜಾತಿಯದು. ‘ದಶವಂದ’ವೆಂದರೆ ಕೆರೆಯನ್ನು ಕಟ್ಟಿಸಿದವನಿಗೋ ದುರಸ್ತಿ ಮಾಡಿಸಿದವನಿಗೋ ಸಲ್ಲುತ್ತಿದ್ದ ಹತ್ತರಲ್ಲೊಂದು ಪಾಲು. ತಮಿಳು ಶಾಸನಗಳಲ್ಲಿ ಇದಕ್ಕೆ ಹೊಂದುವ ‘ಏರಿಪ್ಪಟ್ಟಿ’ ಇದೆ. ಉತ್ತರಮೇರೂರಿನಲ್ಲಿ ಚೋಳ ಪರಾಂತಕನ ಕಾಲದ, ಕ್ರಿ.ಶ. 919 ಮತ್ತು 921ರ ಶಾಸನಗಳು ಕೆರೆಗೆಂದೇ ಆರು ಜನರ ಒಂದು ವಾರಿಯವನ್ನು, ಅಂದರೆ ಸಮಿತಿಯನ್ನು, ಚೀಟಿ ಎತ್ತಿ ಆರಿಸುವ ಕ್ರಮವನ್ನು ಹೇಳುತ್ತವೆ. ಅವರ ಅವಧಿ 360 ದಿನ. ಅನಂತರ ಹೊಸ ಆರು ಜನ.

ಈ ಶಾಸನಗಳ ಮುಂದೆ ನಾವು ಬಹಳ ಹೊತ್ತು ನಿಲ್ಲುತ್ತೇವೆ. ಕೆರೆ ಕಟ್ಟುವ ಪುಣ್ಯದ ಮಾತನ್ನು ಎಲ್ಲರೂ ಆಡುತ್ತಾರೆ. ಶಾಸನ ಬರೆಸಿದವರು ಪುಣ್ಯವನ್ನೇ ನಂಬಿ ಕುಳಿತಿರಲಿಲ್ಲ. ಕೆರೆಗೊಂದು ಆದಾಯವಿತ್ತು, ಕೆಲಸಕ್ಕೊಂದು ಸರದಿಯಿತ್ತು, ತೂಬಿನ ಬಳಿ ನೀರುಗಂಟಿ ಎಂಬ ಒಬ್ಬ ಮನುಷ್ಯನಿದ್ದ. ತೂಬನ್ನು ಎಷ್ಟು ಎತ್ತಬೇಕು, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂಬುದು ಅವನ ಕೈಯಲ್ಲಿತ್ತು. ಸುಗ್ಗಿಯಲ್ಲಿ ಕಣದಿಂದ ಅವನ ಪಾಲು ಅವನ ಮನೆಗೆ ಹೋಗುತ್ತಿತ್ತು.

ಹಿಂದೆಲ್ಲವೂ ಚೆನ್ನಾಗಿತ್ತೆಂದು ಹೇಳಲು ಮಾತ್ರ ನಮ್ಮ ಮನಸ್ಸು ಒಪ್ಪುವುದಿಲ್ಲ. ಕೆರೆಯ ಮಣ್ಣು ಹೊತ್ತವರು ಒಡ್ಡರು. ನೀರುಗಂಟಿಯಾಗಿ ರಾತ್ರಿ ಏರಿಯ ಮೇಲೆ ಮಲಗಿದವನು ಅನೇಕ ಊರುಗಳಲ್ಲಿ ಕೆರೆಯ ನೀರನ್ನು ತಾನೇ ಮುಟ್ಟಲಾಗದ ಕುಲದವನು. ಶಾಸನದಲ್ಲಿ ಹೆಸರು ಒಡೆಯನದು, ಬೆನ್ನು ಬಿಟ್ಟಿಯಾಳಿನದು. ‘ಕೆರೆಗೆ ಹಾರ’ ಎಂಬ ನಮ್ಮ ಜನಪದ ಕಥನಗೀತೆಯಲ್ಲಿ ನೀರು ಬಾರದ ಕೆರೆಗೆ ಕೊಟ್ಟದ್ದು ಮನೆಯ ಕಿರಿಯ ಸೊಸೆ ಭಾಗೀರಥಿಯನ್ನು; ಊರಿನ ಗೌಡನನ್ನಲ್ಲ. ಊರವರೆಲ್ಲ ಸೇರಿ ಕೆರೆ ದುರಸ್ತಿ ಮಾಡುವ ‘ಕುಡಿಮರಾಮತ್’ ಎಂಬ ಪದ್ಧತಿಯನ್ನು ಇಂದು ಸ್ವಯಂಸೇವೆಯ ಮಾದರಿಯೆಂದು ಹೊಗಳುವುದುಂಟು. ಅದರಲ್ಲಿ ‘ಸ್ವಯಂ’ ಎಷ್ಟಿತ್ತು, ‘ಸೇವೆ’ ಎಷ್ಟಿತ್ತು ಎಂದು ಕೇಳಿಕೊಳ್ಳುವುದು ಒಳ್ಳೆಯದು. ಬ್ರಿಟಿಷರು 1858ರಲ್ಲಿ ಮದ್ರಾಸು ಪ್ರಾಂತದಲ್ಲಿ ಅದನ್ನೇ ಕಾನೂನಾಗಿ ಮಾಡಿದಾಗ ಕೊಟ್ಟ ಹೆಸರೇ ಕಡ್ಡಾಯ ದುಡಿಮೆಯ ಕಾಯಿದೆ ಎಂದು.

1792ರಲ್ಲಿ ಶ್ರೀರಂಗಪಟ್ಟಣದ ಒಪ್ಪಂದದಿಂದ ಬಾರಾಮಹಲು ಟಿಪ್ಪುವಿನ ಕೈಯಿಂದ ಕಂಪನಿಗೆ ಹೋಯಿತು. ಕ್ಯಾಪ್ಟನ್ ಅಲೆಗ್ಸಾಂಡರ್ ರೀಡ್, ಅವರ ಕೈಕೆಳಗೆ ಥಾಮಸ್ ಮನ್ರೋ ಮುಂತಾದವರು ಹೊಲಹೊಲವನ್ನೂ ಅಳೆದು, ಒಬ್ಬೊಬ್ಬ ರೈತನಿಗೂ ಬೇರೆಬೇರೆ ಕಂದಾಯ ಗೊತ್ತುಮಾಡಿದರು. ರೈತವಾರಿ ಪದ್ಧತಿಯ ತೊಟ್ಟಿಲು ನಮ್ಮ ಈ ಸೀಮೆಯೇ. ಅದರ ಗುಣಗಳು ಇಲ್ಲದಿಲ್ಲ. ಮಧ್ಯವರ್ತಿಯ ಕಾಟ ತಪ್ಪಿತು. ಆದರೆ ಅಳತೆಯ ಸರಪಳಿಗೆ ಹೊಲ ಸಿಕ್ಕಿತು, ಊರು ಸಿಕ್ಕಲಿಲ್ಲ. ಕೆರೆಗೆ ಬಿಟ್ಟ ಭೂಮಿಗಳು ಬರಬರುತ್ತ ಕಂದಾಯದ ಲೆಕ್ಕಕ್ಕೆ ಸೇರಿದವು; ಕೆರೆಯ ನೆಲ ‘ಪೊರಂಬೋಕು’ ಎನಿಸಿಕೊಂಡಿತು. ಕರ್ನಾಟಕದ ಬಂಧುಗಳು ‘ಖರಾಬು’ ಎನ್ನುವುದು ಇದನ್ನೇ. ಕಂದಾಯ ಬಾರದ ನೆಲಕ್ಕೆ ಸರ್ಕಾರ ಇಟ್ಟ ಈ ಹೆಸರುಗಳು ಕಾಲಾಂತರದಲ್ಲಿ ಬೈಗುಳಗಳೇ ಆದವು. ಕೆಲಸಕ್ಕೆ ಬಾರದವನನ್ನು ನಮ್ಮ ಕಡೆ ಪೊರಂಬೋಕು ಎನ್ನುತ್ತಾರೆ. ಊರಿಗೆಲ್ಲ ನೀರು ಕೊಡುವ ನೆಲಕ್ಕೂ ಅದೇ ಹೆಸರು.

ಸ್ವಾತಂತ್ರ್ಯಾನಂತರದ ಕಥೆಯನ್ನು ಬೇಗ ಹೇಳಿಬಿಡುತ್ತೇವೆ. ನಮ್ಮ ವಯಸ್ಸಿನವರು ಅದನ್ನು ಕಣ್ಣಾರೆ ಕಂಡಿದ್ದಾರೆ. ನಲವತ್ತು ಹೆಕ್ಟೇರಿಗಿಂತ ಹೆಚ್ಚು ಅಚ್ಚುಕಟ್ಟು ಇರುವ ಕೆರೆ ಲೋಕೋಪಯೋಗಿ ಇಲಾಖೆಗೆ, ಅದಕ್ಕಿಂತ ಚಿಕ್ಕದು ಪಂಚಾಯತ್ ಒಕ್ಕೂಟಕ್ಕೆ ಎಂದು ಹಂಚಿಕೆಯಾಯಿತು. ಅತ್ತ ವಿದ್ಯುತ್ ಪಂಪು ಬಂದಿತು. ಸ್ವಂತ ಬಾವಿಯಿದ್ದವನಿಗೆ ಕೆರೆಯ ಗೊಡವೆ ಏಕೆ? ಹೂಳು ತುಂಬಿತು. ಉರುವಲಿಗೆಂದು ಹಬ್ಬಿಸಿದ ಮುಳ್ಳುಗಿಡ ಕೆರೆಯ ಅಂಗಳವನ್ನೇ ಆಕ್ರಮಿಸಿತು. ತಮಿಳರು ಅದನ್ನು ಸೀಮೈ ಕರುವೇಲಂ, ಅಂದರೆ ಪರದೇಶದ ಜಾಲಿ ಎನ್ನುತ್ತಾರೆ; ಕನ್ನಡಿಗರು ಬಳ್ಳಾರಿ ಜಾಲಿ ಎನ್ನುತ್ತಾರೆ. ಬಳ್ಳಾರಿಯವರು ಏನನ್ನುತ್ತಾರೋ ಕೇಳಿಲ್ಲ.

ಇಂಥ ಸ್ಥಿತಿಯಲ್ಲಿದ್ದ ಕೆರೆಗಳಲ್ಲಿ ಸೇಲಂ ಊರಂಚಿನ ಕಣ್ಣಂಕುರಿಚ್ಚಿಯ ಮೂಕನೇರಿಯೂ ಒಂದು. ಶೇರ್ವರಾಯನ್ ಬೆಟ್ಟದ ಪಾದದಲ್ಲಿ ಸುಮಾರು 58 ಎಕರೆಯ ಕೆರೆ. ಬೆಟ್ಟದ ನೀರು ನೇರವಾಗಿ ಬಂದು ತುಂಬಬೇಕಾದ ಜಾಗದಲ್ಲಿ ಹೂಳು, ಕಸ, ಜಾಲಿ. 2010ರಲ್ಲಿ ಪೀಯೂಷ್ ಮಾನುಷ್ ಅವರ ಮುಂದಾಳುತನದಲ್ಲಿ ಸೇಲಂ ಸಿಟಿಜನ್ಸ್ ಫೋರಂ ಎಂಬ ನಾಗರಿಕರ ಕೂಟವು ಜಿಲ್ಲಾಡಳಿತದ ಒಪ್ಪಿಗೆ ಪಡೆದು ಈ ಕೆರೆಯನ್ನು ಕೈಗೆತ್ತಿಕೊಂಡಿತು. ಸರ್ಕಾರದ ಟೆಂಡರು ಇರಲಿಲ್ಲ. ಹಣ ಊರಿನ ಸಾರ್ವಜನಿಕರದು, ವ್ಯಾಪಾರಿಗಳದು. ಕೈ ಊರಿನ ಯುವಕರದು, ವಿದ್ಯಾರ್ಥಿಗಳದು, ಮನೆಮಂದಿಯದು; ದೊಡ್ಡ ಅಗೆತಕ್ಕೆ ಯಂತ್ರಗಳೂ ಇದ್ದವು.

ಅವರು ಮಾಡಿದ ಕೆಲಸದಲ್ಲಿ ನಮ್ಮನ್ನು ಸೆಳೆದದ್ದು ಹೂಳಿನ ವಿಚಾರದಲ್ಲಿ ತೋರಿದ ಜಾಣತನ. ಹೂಳು ತೆಗೆಯುವುದು ಕಷ್ಟವಲ್ಲ. ತೆಗೆದದ್ದನ್ನು ಲಾರಿಗಳಲ್ಲಿ ದೂರ ಸಾಗಿಸುವುದೇ ದುಬಾರಿ. ಹಾಗಾಗಿ ಅಗೆದ ಮಣ್ಣಿನ ಒಂದು ಭಾಗದಿಂದ ಏರಿಯನ್ನು ಬಲಪಡಿಸಿ, ಉಳಿದದ್ದನ್ನು ಕೆರೆಯ ಒಳಗೇ ದಿಬ್ಬಗಳಾಗಿ ಒಟ್ಟಿದರು. ನಲವತ್ತಕ್ಕೂ ಹೆಚ್ಚು ಸಣ್ಣ ನಡುಗಡ್ಡೆಗಳಾದವು. ಮಣ್ಣು ಮಳೆಗೆ ಕರಗಿ ಮತ್ತೆ ಕೆರೆಗೆ ಇಳಿಯದಂತೆ ಅಂಚಿಗೆ ಲಾವಂಚವನ್ನೂ ಮೇಲೆ ಬಿದಿರು ಮೊದಲಾದ ಮರಗಿಡಗಳನ್ನೂ ನೆಟ್ಟರು. ಲಾವಂಚದ ಬೇರು ನೇರವಾಗಿ ಆಳಕ್ಕೆ ಇಳಿದು ಮಣ್ಣನ್ನು ಹೊಲಿದು ಹಿಡಿಯುತ್ತದೆ. ಬೇಸಿಗೆಯಲ್ಲಿ ತಟ್ಟಿ ಹೆಣೆದು ನೀರು ಚಿಮುಕಿಸಿ ಗಾಳಿಗೆ ಕಟ್ಟುತ್ತಿದ್ದೆವಲ್ಲ, ಅದೇ ಬೇರು. ಆ ವರ್ಷದ ಮಳೆಗೆ ಕೆರೆ ತುಂಬಿತು. ದಿಬ್ಬಗಳು ಹಸಿರಾದವು, ಹಕ್ಕಿಗಳು ಬಂದವು. ಬಳಿಕ ಅಮ್ಮಾಪೇಟೆ, ಇಸ್ಮಾಯಿಲ್‌ಖಾನ್ ಕೆರೆಗಳಿಗೂ ಈ ಕೂಟದವರು ಕೈಹಾಕಿದರು. ನಮ್ಮ ಧರ್ಮಪುರಿ ಜಿಲ್ಲೆಯಲ್ಲಿಯೂ ಗೆಳೆಯರು ಹಣ ಕೂಡಿಸಿ ಬೋಳುನೆಲವನ್ನು ಕೊಂಡು, ಇಳಿಜಾರಿನಲ್ಲಿ ಮಳೆನೀರನ್ನು ನಿಲ್ಲಿಸಿ ಕಾಡು ಬೆಳೆಸುವ ಸಹಕಾರಿ ಪ್ರಯೋಗವೊಂದನ್ನು ಪೀಯೂಷ್ ಅವರು ನಡೆಸಿದ್ದಾರೆ.

ನಡುಗಡ್ಡೆಗಳು ನೀರಿನ ಜಾಗವನ್ನು ತಿಂದವಲ್ಲವೇ ಎಂದು ಆಕ್ಷೇಪಿಸುವವರು ಇದ್ದಾರೆ. ಮಣ್ಣೆಲ್ಲ ಹೊರಗೆ ಹೋಗಿದ್ದರೆ ಇನ್ನಷ್ಟು ನೀರು ನಿಲ್ಲುತ್ತಿತ್ತು, ನಿಜ. ಆದರೆ ತಟ್ಟೆಯಂತೆ ಸಮನಾಗಿದ್ದ ಕೆರೆಗಿಂತ ಅಲ್ಲಲ್ಲಿ ಆಳವಾದ ಗುಂಡಿಗಳಿರುವ ಕೆರೆಯಲ್ಲಿ ನೀರು ಹೆಚ್ಚು ದಿನ ಉಳಿಯುತ್ತದೆ. ಕೈಯಲ್ಲಿದ್ದ ಹಣಕ್ಕೆ ತಕ್ಕ ಉಪಾಯವದು. ಬಡವನ ಮನೆಯ ಗೃಹಿಣಿ ಮಾಡುವಂಥದು. ಗಣೇಶನ ಹಬ್ಬದ ನಂತರ ಊರಿನ ಮೂರ್ತಿಗಳೆಲ್ಲ ಇದೇ ಕೆರೆಗೆ ವಿಸರ್ಜನೆಗೆ ಬರುವುದು ಇನ್ನೊಂದು ತೊಡಕು. ಹೂಳು ತೆಗೆದವರೂ ಭಕ್ತರೇ, ಬಣ್ಣದ ಮೂರ್ತಿ ತಂದು ಮುಳುಗಿಸುವವರೂ ಭಕ್ತರೇ.

ಪೀಯೂಷ್ ಅವರ ಎಲ್ಲ ಹೋರಾಟಗಳನ್ನೂ ಒಪ್ಪುವವರು ನಾವಲ್ಲ. ಅವರ ಮಾತಿನ ಖಾರ ನಮ್ಮ ಕಾಲದ ಮೇಷ್ಟ್ರುಗಳಿಗೆ ಹಿಡಿಸುವಂಥದೂ ಅಲ್ಲ. 2016ರಲ್ಲಿ ಸೇಲಂನ ಮುಳುವಾಡಿ ಗೇಟಿನ ರೈಲ್ವೆ ಮೇಲ್ಸೇತುವೆಯ ಕಾಮಗಾರಿಯನ್ನು ಪ್ರತಿಭಟಿಸಿ ಅವರು ಸೆರೆಮನೆಗೂ ಹೋಗಿಬಂದರು. ಒಬ್ಬ ಮನುಷ್ಯನ ಸುತ್ತ ಕೆಲಸ ಕಟ್ಟಿಕೊಂಡಾಗ ಅವನ ಬಲವೂ ಅವನ ವ್ಯಾಜ್ಯಗಳೂ ಕೆರೆಗೆ ಅಂಟಿಕೊಳ್ಳುತ್ತವೆ ಎಂಬುದಷ್ಟೇ ನಮ್ಮ ಚಿಂತೆ. ಉತ್ತರಮೇರೂರಿನವರು 360 ದಿನಕ್ಕೊಮ್ಮೆ ಆರು ಜನರನ್ನೂ ಬದಲಿಸಿದ್ದರಲ್ಲಿ ಏನೋ ವಿವೇಕವಿತ್ತು.

ಈ ಮಾತಿಗೆ ಕನ್ನಡ ನಾಡಿನಿಂದಲೂ ಸಾಕ್ಷಿ ತರಬಹುದು. 1983ರ ಸೆಪ್ಟೆಂಬರ್ 8ರಂದು ಶಿರಸಿ ತಾಲೂಕಿನ ಸಾಲ್ಕಣಿಯ ಗಂಡಸರು, ಹೆಂಗಸರು, ಮಕ್ಕಳು ಕಳಸೆಯ ಕಾಡಿಗೆ ನಡೆದು ಹೋಗಿ, ಕೊಡಲಿಗೂ ಮರಕ್ಕೂ ನಡುವೆ ನಿಂತು ಮರಗಳನ್ನು ಅಪ್ಪಿಕೊಂಡರು. ಹಿಮಾಲಯದ ಚಿಪ್ಕೋ ಚಳವಳಿಯ ಸುಂದರಲಾಲ ಬಹುಗುಣರ ಮಾತು ಅವರನ್ನು ಎಬ್ಬಿಸಿತ್ತು. ಪಾಂಡುರಂಗ ಹೆಗಡೆಯವರು ಚಳವಳಿಯನ್ನು ಊರೂರಿಗೆ ಒಯ್ದರು. ಅಪ್ಪಿಕೋ ಚಳವಳಿಯೆಂದು ಪಠ್ಯಪುಸ್ತಕದಲ್ಲಿ ಒಂದು ಸಾಲು ಬರುತ್ತದೆ; ಮಕ್ಕಳು ಒಂದು ಅಂಕಕ್ಕಾಗಿ ಬಾಯಿಪಾಠ ಮಾಡುತ್ತಾರೆ. ಆ ಸಾಲಿನಲ್ಲಿ ಬಾರದ ಸಂಗತಿಯೆಂದರೆ ಅದು ಒಂದು ದಿನದ ಆಲಿಂಗನವಲ್ಲ, 38 ದಿನಗಳ ಕಾವಲು ಎಂಬುದು. ಮನೆಯ ಹಟ್ಟಿಯಲ್ಲಿ ದನ, ತೋಟದಲ್ಲಿ ಅಡಿಕೆ, ಮಳೆಗಾಲದ ಕೊನೆಯ ಜಿಗಣೆ ಎಲ್ಲವನ್ನೂ ಸಂಭಾಳಿಸಿಕೊಂಡು 38 ದಿನ ಕಾಡಿನಲ್ಲಿ ಸರದಿ ನಿಲ್ಲುವುದೆಂದರೆ ಏನೆಂದು ಸಂಸಾರವಂದಿಗರು ಊಹಿಸಿಕೊಳ್ಳಬಹುದು. ಅವರು ಉಳಿಸು, ಬೆಳೆಸು, ಬಳಸು ಎಂಬ ಮೂರು ಮಾತುಗಳನ್ನು ಹಿಡಿದರು. ಕಡಿಯಬೇಡಿ ಎಂದಷ್ಟೇ ಹೇಳಿ ಮನೆಗೆ ಹೋಗಲಿಲ್ಲ. ಸಸಿ ಬೆಳೆಸಿದರು, ಸೌದೆ ಉಳಿಸುವ ಒಲೆ ಹಾಕಿದರು.

ನಾಲ್ಕು ವರ್ಷದ ಬಳಿಕ, 1987ರ ನವೆಂಬರ್ 14ರಂದು, ಹಾವೇರಿ ಸೀಮೆಯ ಕುಸನೂರಿನಲ್ಲಿ ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯದ ಜೊತೆ ರೈತರು ಸೇರಿ, ಊರಿನ ಗೋಮಾಳಗಳಲ್ಲಿ ಕಾರ್ಖಾನೆಗಾಗಿ ನೆಟ್ಟಿದ್ದ ನೀಲಗಿರಿ ಸಸಿಗಳನ್ನು ಕಿತ್ತು ಜನರಿಗೆ ಬೇಕಾದ ಗಿಡಗಳನ್ನು ಹಚ್ಚಿದರು. ಕಿತ್ತಿಕೋ ಹಚ್ಚಿಕೋ ಎಂದೇ ಅದರ ಹೆಸರು. ಈ ಭೂಮಿಯ ವ್ಯಾಜ್ಯದಲ್ಲಿ ಸುಪ್ರೀಂ ಕೋರ್ಟಿಗೆ ಹೋದವರಲ್ಲಿ ನಮ್ಮ ಶಿವರಾಮ ಕಾರಂತರೂ ಇದ್ದರು. ಸಾಹಿತ್ಯ ಸಮ್ಮೇಳನದ ಸಂಚಿಕೆಯಲ್ಲಿ ಪರಿಸರದ ಲೇಖನವೇಕೆ ಎನ್ನುವವರಿಗೆ ಇಷ್ಟು ಸಾಕೆಂದು ಭಾವಿಸುತ್ತೇವೆ. ಹುಲಿಕಲ್ಲಿನ ತಿಮ್ಮಕ್ಕನವರ ವಿಚಾರದಲ್ಲಿಯೂ ಎಲ್ಲರೂ ಆಲದ ಮರಗಳ ಲೆಕ್ಕವನ್ನು ಹೇಳುತ್ತಾರೆ. ನಮಗೆ ಮುಖ್ಯವೆನಿಸುವುದು ಕೊಡಗಳ ಲೆಕ್ಕ. ಗಂಡಹೆಂಡಿರು ಮೊದಲ ವರ್ಷ ನೆಟ್ಟದ್ದು ಕೇವಲ ಹತ್ತು ಸಸಿ. ಕೂಲಿ ಕೆಲಸದ ಜೊತೆಗೆ, ಕುದೂರಿನ ದಾರಿಯುದ್ದಕ್ಕೂ ಮೈಲಿಗಟ್ಟಲೆ ನೀರು ಹೊತ್ತು ಅವನ್ನು ಬದುಕಿಸಿದ ಮೇಲೆಯೇ ಮುಂದಿನ ವರ್ಷದ ಸಸಿಗಳು.

ಈ ಹತ್ತರ ಲೆಕ್ಕವನ್ನು ನಾವು ಮೊದಲೇ ಕಲಿತಿದ್ದರೆ ಚೆನ್ನಾಗಿತ್ತು. ನಿವೃತ್ತರಾದ ಮೇಲೆ ನಾವು ಕೆಲವು ಉಪಾಧ್ಯಾಯರೂ ಹಳೆಯ ವಿದ್ಯಾರ್ಥಿಗಳೂ ಸೇರಿ ನಮ್ಮ ಊರಿನ ಸಮೀಪದ ಸಣ್ಣ ಕೆರೆಯೊಂದರ ಏರಿಯ ಮೇಲೆ ಗಿಡ ನೆಡುವ ಕಾರ್ಯಕ್ರಮ ಇಟ್ಟುಕೊಂಡೆವು. ಅರಣ್ಯ ನರ್ಸರಿಯಿಂದ ಒಂದು ಗಾಡಿ ತುಂಬ ಸಸಿ. ಶಾಮಿಯಾನ, ಧ್ವನಿವರ್ಧಕ, ಮೂರು ಭಾಷಣ; ಅವುಗಳಲ್ಲಿ ಉದ್ದವಾದದ್ದು ನಮ್ಮದೇ. ಛಾಯಾಚಿತ್ರವೂ ಆಯಿತು. ಮುಂದಿನ ಬೇಸಿಗೆಗೆ ನೋಡಿದರೆ ಆಡುಗಳು ಬಿಟ್ಟದ್ದನ್ನು ಬಿಸಿಲು ತಿಂದಿತ್ತು. ಉಳಿದವು ಎರಡು ಹೊಂಗೆ, ಅದೂ ದನ ಕಟ್ಟುವ ಒಬ್ಬ ಮುದುಕಿ ತನ್ನ ಕಲಗಚ್ಚಿನ ನೀರು ಹಾಕಿದ್ದರಿಂದ. ಸಮಾರಂಭಕ್ಕೆ ಆಕೆಯನ್ನು ನಾವು ಕರೆದೇ ಇರಲಿಲ್ಲ.

ಎರಡನೆಯ ವರ್ಷ ಶಾಮಿಯಾನ ಬಿಟ್ಟೆವು. ನೀರು ಹಾಕುತ್ತೇನೆಂದು ಒಪ್ಪಿದ ಮನೆಗಳೆಷ್ಟೋ ಅಷ್ಟೇ ಸಸಿ ಎಂದು ಗೊತ್ತುಮಾಡಿ, ಪ್ರತಿ ಸಸಿಗೂ ಒಂದು ಮಗುವಿನ ಹೆಸರಿನಲ್ಲಿ ಹಾಜರಿ ಪುಸ್ತಕ ತೆರೆದೆವು. ಮೂವತ್ತೈದು ವರ್ಷ ಹಾಜರಿ ಕರೆದ ನಾಲಗೆಗೆ ಕೆಲಸ ಸಿಕ್ಕಿತು. ಭಾನುವಾರ ಬೆಳಿಗ್ಗೆ ಏರಿಯ ಮೇಲೆ ನಡೆಯುವಾಗ ಬಾಡಿದ ಸಸಿಯ ಹೆಸರನ್ನು ಪುಸ್ತಕದಲ್ಲಿ ‘ಗೈರು’ ಎಂದು ಬರೆದರೆ ಸಾಕು, ಸಂಜೆಯೊಳಗೆ ಆ ಮನೆಯಿಂದ ಕೊಡ ಹೊರಡುತ್ತಿತ್ತು. ಕನ್ನಡದ ಮನೆ, ತಮಿಳಿನ ಮನೆ, ತೆಲುಗಿನ ಮನೆ ಎಲ್ಲವೂ ಆ ಪುಸ್ತಕದಲ್ಲಿವೆ. ದನ ಕಟ್ಟುವ ಆ ಅಮ್ಮನ ಹೆಸರನ್ನು ಮೊದಲ ಪುಟದಲ್ಲಿ ಬರೆದೆವು. ‘ಏನಯ್ಯಾ, ಈ ವಯಸ್ಸಿಗೆ ನನ್ನನ್ನು ಶಾಲೆಗೆ ಸೇರಿಸಿದಿರಾ’ ಎಂದು ಆಕೆ ನಕ್ಕದ್ದು ನೆನಪಿದೆ.

ಗಿಡಗಳು ಬಂದವು; ನೀರು ಬರಲಿಲ್ಲ. ಬೆಟ್ಟದ ಕಡೆಯಿಂದ ಕೆರೆಗೆ ನೀರು ತರುವ ಕಾಲುವೆ ರಸ್ತೆಯ ಬದಿಯಲ್ಲಿ ಒಂದು ಕಡೆ ಮುಚ್ಚಿಹೋಗಿದೆ. ಒಡೆದ ಮನೆಗಳ ಇಟ್ಟಿಗೆ, ಗಾರೆ, ಹಳೆಯ ಚಪ್ಪಡಿ ಅದರೊಳಗೆ ಸುರಿಯಲ್ಪಟ್ಟಿವೆ. ಅರ್ಜಿ ಕೊಟ್ಟೆವು. ಒಂದು ಕಚೇರಿಯವರು ಇದು ಇನ್ನೊಂದು ಕಚೇರಿಗೆ ಸೇರಿದ್ದೆಂದರು. ಅಲ್ಲಿಯವರು ಮೊದಲಿನವರ ಕಡೆಗೆ ಕೈ ತೋರಿಸಿದರು. 2017ರಲ್ಲಿ ತಮಿಳುನಾಡು ಸರ್ಕಾರವೇ ಕುಡಿಮರಾಮತ್ತನ್ನು ಯೋಜನೆಯಾಗಿ ಮತ್ತೆ ತಂದಾಗ ನಮಗೂ ಆಸೆ ಹುಟ್ಟಿತ್ತು. ನಮ್ಮ ಕೆರೆ ಪಟ್ಟಿಯಲ್ಲಿ ಬರಲಿಲ್ಲ. ಕಾಲುವೆಯ ಒಂದು ಭಾಗವನ್ನು ಹುಡುಗರೇ ಗುದ್ದಲಿ ಹಿಡಿದು ಬಿಡಿಸಿದರು. ರಸ್ತೆಯ ಕೆಳಗಿನ ಭಾಗಕ್ಕೆ ಯಂತ್ರ ಬೇಕು, ಬಾಡಿಗೆ ಬೇಕು. ಒಮ್ಮೆ ಬಿಡಿಸಿದ ಮೇಲೆ ಪ್ರತಿವರ್ಷ ಮಳೆಗೆ ಮುನ್ನ ಮತ್ತೆ ನೋಡಿಕೊಳ್ಳಲು ಒಬ್ಬ ಮನುಷ್ಯ ಬೇಕು. ಹುಡುಗರಲ್ಲಿ ಅರ್ಧದಷ್ಟು ಜನ ಈಗ ಹೊಸೂರಿನ ಕಾರ್ಖಾನೆಗಳಲ್ಲಿಯೂ ತಿರುಪ್ಪೂರಿನಲ್ಲಿಯೂ ಇದ್ದಾರೆ. ಹಬ್ಬಕ್ಕೆ ಬಂದಾಗ ಗುದ್ದಲಿ ಹಿಡಿಯುತ್ತಾರೆ. ಮಳೆ ಹಬ್ಬ ನೋಡಿಕೊಂಡು ಬರುವುದಿಲ್ಲ.

ಆದ್ದರಿಂದ ಸಂಘದ ಮುಂದಿನ ಸರ್ವಸದಸ್ಯರ ಸಭೆಗೆ ನಾವು ಒಂದು ಸೂಚನೆಯನ್ನು ಬರೆದು ಕೊಟ್ಟಿದ್ದೇವೆ. ಈ ಸ್ಮರಣ ಸಂಚಿಕೆಗೆ ಬಂದ ಜಾಹೀರಾತಿನ ಹಣದಲ್ಲಿ ಖರ್ಚು ಕಳೆದು ಉಳಿಯುವುದರ ಹತ್ತರಲ್ಲೊಂದು ಪಾಲನ್ನು ಪ್ರತಿವರ್ಷ ಆ ಕೆರೆಯ ಹೆಸರಿನಲ್ಲಿ ಬೇರೆ ಖಾತೆಯಲ್ಲಿ ಇಡಬೇಕು. ಅದರಿಂದ ಮಳೆಗಾಲದ ನಾಲ್ಕೈದು ತಿಂಗಳು ಕಾಲುವೆ ಮತ್ತು ತೂಬನ್ನು ನೋಡಿಕೊಳ್ಳುವವನಿಗೆ ಸಂಬಳ ಕೊಡಬೇಕು. ಖಾತೆಯನ್ನು ನೋಡಿಕೊಳ್ಳಲು ಆರು ಜನರನ್ನು ಚೀಟಿ ಎತ್ತಿ ಆರಿಸಬೇಕು. ಅವರಲ್ಲಿ ಸಂಘದ ಹೊರಗಿನ, ಕೆರೆಯ ಕೆಳಗಿನ ಗದ್ದೆಯವರೂ ಇರಬೇಕು. ಒಂದು ವರ್ಷವಾದ ಮೇಲೆ ಆರೂ ಜನ ಇಳಿಯಬೇಕು. ಸೂಚನೆಗೆ ‘ದಶವಂದ’ ಎಂದು ಹೆಸರಿಟ್ಟಿದ್ದೇವೆ. ಇದು ಕನ್ನಡದ ಕೆಲಸವೇ ಎಂದು ಕಾರ್ಯಕಾರಿ ಸಮಿತಿಯ ಕೆಲವು ಮಿತ್ರರು ಈಗಾಗಲೇ ಕೇಳಿದ್ದಾರೆ. ಪುಸ್ತಕ ಬಹುಮಾನಕ್ಕೂ ಮಕ್ಕಳ ನಾಟಕಕ್ಕೂ ಹಣ ಸಾಲದಿರುವಾಗ ಗುದ್ದಲಿಗೆ ಎಲ್ಲಿಂದ ಕೊಡುವುದು ಎಂಬ ಅವರ ಪ್ರಶ್ನೆ ಹಗುರವಾದದ್ದಲ್ಲ. ಸೂಚನೆಯ ಪ್ರತಿಯನ್ನು ಸಮ್ಮೇಳನದ ಪುಸ್ತಕ ಮಳಿಗೆಯ ಮೇಜಿನ ಮೇಲೆ ಹಾಜರಿ ಪುಸ್ತಕದ ಪಕ್ಕದಲ್ಲಿ ಇಟ್ಟಿದ್ದೇವೆ. ಒಪ್ಪುವವರು, ಒಪ್ಪದವರು ಇಬ್ಬರೂ ಓದಿ ತಮ್ಮ ಮಾತನ್ನು ಅದರ ಕೆಳಗೆ ಬರೆದು ಸಹಿ ಹಾಕಬೇಕೆಂದು ಕೋರುತ್ತೇವೆ. ಹಾಜರಿ ಪುಸ್ತಕದಲ್ಲಿ ಹನ್ನೊಂದು ಸಸಿಗಳ ಮುಂದಿನ ಹೆಸರು ಈಗ ಖಾಲಿಯಿದೆ. ಆ ಮಕ್ಕಳು ಓದು ಮುಗಿಸಿ ಊರು ಬಿಟ್ಟಿದ್ದಾರೆ.